ಸರಿಗಮ, ನಂಬರ್, ಡೋ ರೇ ಮಿ: ನೋಡಿ ಹಾಡೋಕೆ ಯಾವುದು ಮೇಲು?

ಹೊಸ ಹಾಡು ಕೊಟ್ಟರೆ ನಮ್ಮ ಶಾಲೆಯ ಕಾಯರ್ (ಗುಂಪಾಗಿ ಹಾಡುವ ತಂಡ) ಮಕ್ಕಳು ಮೊದಲು ನನ್ನ ಬಾಯಿ ನೋಡುತ್ತಿದ್ದರು. ನಾನು ಹಾಡಬೇಕು, ಅವರು ಗಿಳಿಪಾಠ ಒಪ್ಪಿಸಬೇಕು. ಐದು ಗೆರೆಯ ಮೇಲೆ ಸ್ವರ ಬರೆದ ಪಾಶ್ಚಾತ್ಯ ನೋಟೇಶನ್ ಸುಮ್ನೆ ಕೈಯಲ್ಲಿರುತ್ತಿತ್ತು. ಅದನ್ನು ಓದಿ ಹಾಡಿಸಲೇಬೇಕು ಅಂತ ಟರ್ಮಿಗೊಂದರಂತೆ ಮೂರು ದಾರಿ ಹಿಡಿದೆ.

ಮೊದಲು ಸರಿಗಮ. ಮೈಸೂರಲ್ಲಿ ಸಂಜೆ ಸಂಗೀತಪಾಠಕ್ಕೆ ಹೋಗುವ ಮಕ್ಕಳಿಗೇನು ಬರವಿಲ್ಲ. ಸ ಯಾವ ಶ್ರುತಿಯಲ್ಲಾದರೂ ಕೂರುತ್ತೆ ಅಂತ ಅವರಿಗೆ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಎಫ್ ಮೇಜರ್, ಅಂದರೆ ಎಫ್ ಎಂಬ ಸ್ವರದಿಂದ ಶುರುವಾಗುವ ಸ್ಕೇಲ್, ಬಂದರೆ ಎಫ್ ಮೇಲೆ ಸ, ಮುಗೀತು. ಆದರೆ ಎರಡನೇ ಸ್ವರಕ್ಕೇ ಎಡವಿದೆವು. ಸರಳೆ ವರಸೆ, ಅಂದರೆ ಮೊದಲ ಸ್ವರಾಭ್ಯಾಸ, ಕಲಿಯೋದು ಮಾಯಾಮಾಳವಗೌಳ ರಾಗದಲ್ಲಿ ಅಲ್ವಾ? ಅಲ್ಲಿ ಶುದ್ಧ ರಿಷಭ, ಸ ಪಕ್ಕದ ಮನೆಯೇ. ಮೇಜರ್ ಸ್ಕೇಲಿಗೆ ಬೇಕಾದದ್ದು ಶಂಕರಾಭರಣ ರಾಗದ ಚತುಶ್ರುತಿ ರಿಷಭ, ಇನ್ನೊಂದು ಮನೆ ಮೇಲೆ. 'ದ' (ಧೈವತ) ಕಥೆಯೂ ಅದೇ. 'ರಿ' ಅಂದ ಕೂಡಲೇ ಗಂಟಲು ತಾನಾಗಿ ಕೆಳಗಿಳಿಯುತ್ತಿತ್ತು. ಚೆನ್ನಾಗಿ ಕಲಿತವರೇ ಜಾಸ್ತಿ ತಪ್ಪಿದರು. ಏನೂ ಕಲಿಯದವರು ಸರಿಯಾಗಿ ಹಾಡಿ, ಪಕ್ಕದವರಿಂದ ಬೈಸಿಕೊಂಡರು!

ಆಮೇಲೆ ನಂಬರ್: ಸ್ಕೇಲಿನ ಸ್ವರಗಳಿಗೆ ಒಂದರಿಂದ ಏಳು. ಮೂರರಿಂದ ಐದಕ್ಕೆ ಹಾರು ಅಂದರೆ ಯಾರಿಗೂ ವಿವರಣೆ ಬೇಡ. ಮೊದಲ ವಾರ ನನಗೇ ಆಶ್ಚರ್ಯ. ಆದರೆ ಒಂದು, ಎರಡು, ಮೂರು ಅಂತ ಹಾಡಿ ನೋಡಿ: ಒಂದು ಸ್ವರದೊಳಗೆ ಎರಡು ಮೂರು ಅಕ್ಷರ ತುರುಕಬೇಕು. ಹಾಡು ಸ್ವಲ್ಪ ಓಡಿದರೆ ನಾಲಿಗೆ ತೊಡರುತ್ತೆ. ಇಂಗ್ಲಿಷಿಗೆ ಬದಲಿಸಿದೆ, ಸೆವೆನ್ ಬಿಟ್ಟರೆ ಪರವಾಗಿಲ್ಲ. ಆದರೆ ತಾಳದ ಎಣಿಕೆಗೂ ಅವೇ ನಂಬರ್. 'ಫೋರ್‌ನಲ್ಲಿ ನಿಲ್ಲಿಸಿ' ಅಂದಾಗ ಅರ್ಧ ಜನ ನಾಲ್ಕನೇ ಎಣಿಕೆಗೆ ನಿಂತರು, ಉಳಿದವರು ನಾಲ್ಕನೇ ಸ್ವರ ಎಳೆಯುತ್ತಾ ಹೋದರು.

ಕೊನೆಗೆ ಡೋ ರೇ ಮಿ, ಕೈಸನ್ನೆಯ ಜೊತೆ. ಡೋ ರೇ ಮಿಯನ್ನು d, r, m ಅಂತ ಅಕ್ಷರಗಳಲ್ಲಿ ಬರೆದು ಹಾಡಿಸುವ ಈ ಪದ್ಧತಿ ಇಂಗ್ಲೆಂಡಿನ ನಾರಿಚ್‌ನಲ್ಲಿ ಸಾರಾ ಗ್ಲೋವರ್ ಅನ್ನುವ ಟೀಚರ್ ಹುಟ್ಟುಹಾಕಿದ್ದು. 1840ರ ದಶಕದಿಂದ ಜಾನ್ ಕರ್ವೆನ್ ಅದನ್ನು ತಿದ್ದಿ ಹಬ್ಬಿಸಿದ. ಹಂಗೇರಿಯ ಶಾಲೆಗಳಿಗೆ ಅದು ಹೋದದ್ದು ಅಲ್ಲಿನ ಸಂಗೀತಗಾರ ಕೊಡಾಯ್‌ನಿಂದ. ಮಿಜೋರಾಂ ಚರ್ಚುಗಳ ಕಾಯರ್‌ಗಳು ಇದೇ ಅಕ್ಷರಗಳನ್ನು ಓದಿ ನಾಲ್ಕು ಧ್ವನಿಯಲ್ಲಿ ಹಾಡುತ್ತವೆ. ಇಲ್ಲೂ ಡೋ ನಮ್ಮ ಸ ಥರ ಜಾಗ ಬದಲಿಸುತ್ತೆ. (ಫ್ರಾನ್ಸ್, ಇಟಲಿಯಲ್ಲಿ ಡೋ ಅಂದರೆ ಯಾವಾಗಲೂ ಸಿ ಎಂಬ ಒಂದೇ ಸ್ವರ. ವಾರಕ್ಕೆರಡು ಪೀರಿಯಡ್‌ನಲ್ಲಿ ಅದರ ತಂಟೆಗೆ ನಾನು ಹೋಗಲಿಲ್ಲ.)

ಹೆಸರು ಹೊಸದಾದ್ದರಿಂದ ಹಳೇ ರಿ ಅಡ್ಡ ಬರಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು. ಮೊದಲು ಡೋ, ರೇ, ಮಿ, ಸೋ, ಲಾ ಮಾತ್ರ ಕೊಟ್ಟೆ, ಅಂದರೆ ಮೋಹನ ರಾಗದ ಐದು ಸ್ವರ. ಪಕ್ಕದ ಮನೆಗೇ ಇಡುವ ಅರ್ಧ ಹೆಜ್ಜೆಯ ಕಾಟವೇ ಇಲ್ಲ. ಡೋಗೆ ಸೊಂಟದ ಹತ್ತಿರ ಮುಷ್ಟಿ, ಮಿಗೆ ಎದೆ ಮುಂದೆ ಮಟ್ಟಸವಾದ ಅಂಗೈ. ಸ್ವರ ಏರಿದರೆ ಕೈಯೂ ಏರುತ್ತೆ. ಎರಡು ತಿಂಗಳಲ್ಲಿ, ಹಿಂದೆಂದೂ ನೋಡದ ಎಂಟು ಬಾರ್ ಹಾಡನ್ನು ನಾನು ಡೋ ಕೊಟ್ಟು ಸುಮ್ಮನಾದರೂ ಹಾಡಿದರು. ಎರಡು ಕಡೆ ತಪ್ಪಿದರು, ಆದರೆ ನಿಲ್ಲಿಸಲಿಲ್ಲ. ಒಂದೇ ತಕರಾರು: ಪಾಠಕ್ಕೆ ಹೋಗುವವರ ಬಲಗೈ ತೊಡೆ ಮೇಲೆ ಆದಿತಾಳ ಹಾಕುತ್ತಲೇ ಇರುತ್ತೆ. ಅವರಿಗೆ ಎಡಗೈಯಲ್ಲಿ ಸನ್ನೆ.

ಈಗ ಮೈನರ್ ಹಾಡುಗಳು. ಅಲ್ಲಿ ಹಾಡು ಬಂದು ನಿಲ್ಲುವ ಮನೆ ಡೋ ಬಿಟ್ಟು ಲಾಗೆ ಹೋಗುತ್ತೆ. 'ಮಿಸ್, ಸ ಹೇಗೆ ಬದಲಾಗುತ್ತೆ?' ಅಂತ ಏಳನೇ ಕ್ಲಾಸಿನವಳೊಬ್ಬಳು ಜಗಳಕ್ಕೇ ಬಂದಳು. ಕೀಬೋರ್ಡಿನ ಬಿಳಿ ಮನೆಗಳನ್ನು ಸಿಯಿಂದ ನುಡಿಸಿದೆ, ಶಂಕರಾಭರಣ. ಅವೇ ಮನೆಗಳನ್ನು ಎಯಿಂದ ನುಡಿಸಿದೆ, ನಟಭೈರವಿ. 'ಓ, ಗ್ರಹಭೇದ, ಸ ಜಾಗ ಬದಲಿಸಿದರೆ ರಾಗವೇ ಬದಲಾಗೋದು!' ಅಂದು ಹೋಗಿ ಕೂತಳು.