ಹೊಲದ ಬದುವಿನಲ್ಲಿ ಹ್ಯಾಮ್ ರೇಡಿಯೊ: ಸೋಲಾರ್ ಸೆಟ್ ಮೂರು ವರ್ಷ ಬಳಸಿದ ಮೇಲೆ

ಹ್ಯಾಮ್ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು. ಬಿಸಿಲಿನಿಂದ ನಡೆಯುವ ಈ ಹ್ಯಾಮ್ ಸೆಟ್ ಕಟ್ಟಿಕೊಂಡು ಮೂರು ವರ್ಷ ಆಯ್ತು. 2022ರ ದಸರಾ ರಜೆಯಲ್ಲಿ ಹಿರಿಯೂರಿನ ಹತ್ತಿರ ನಮ್ಮ ದೊಡ್ಡಪ್ಪನ ಹೊಲದಲ್ಲಿ ಮೊದಲ ಸಲ ಹಾಕಿದ್ದು. ಆಮೇಲೆ ಹೆಚ್ಚುಕಡಿಮೆ ತಿಂಗಳಿಗೊಂದು ಸಲ ಹೊರಗೆ ಒಯ್ದಿದ್ದೇನೆ. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಬಿಸಿಲು, ಧೂಳು, ಮಳೆ ಎಲ್ಲ ಕಂಡ ಮೇಲೆ ಯಾವುದು ಉಳಿಯಿತು, ಯಾವುದು ಹೋಯಿತು ಅಂತ ಬರೆದವರು ಕಮ್ಮಿ. ಅದಕ್ಕೇ ಬರೆಯುತ್ತಿದ್ದೇನೆ.

ರೇಡಿಯೊ ಶಿಯೆಗು ಜಿ90. 20 ವ್ಯಾಟ್, ಒಳಗೇ ಆಂಟೆನಾ ಟ್ಯೂನರ್ ಇದೆ. ಬ್ಯಾಟರಿ 12.8 ವೋಲ್ಟ್, 12 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್. ಪ್ಯಾನೆಲ್ ಮೊದಲು ಮಡಚುವ 60 ವ್ಯಾಟಿನದು ಇತ್ತು, ಈಗ ಗಾಜಿನ 50 ವ್ಯಾಟಿನದು. ಪ್ಯಾನೆಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಚಾರ್ಜ್ ಕಂಟ್ರೋಲರ್ ಇದು ಮೂರನೆಯದು. ಆಂಟೆನಾ ಒಂದೇ, 20 ಮೀಟರ್ ಉದ್ದದ ವೈರ್, ಬುಡದಲ್ಲಿ ಅದನ್ನು ರೇಡಿಯೊಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್. ರೇಡಿಯೊ ಬಿಟ್ಟು ಉಳಿದ ಯಾವುದರ ಕಂಪನಿ ಹೆಸರೂ ಹಾಕುವುದಿಲ್ಲ. ಮಾದರಿಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ನಾನು ಕೊಂಡದ್ದರಲ್ಲಿ ಅರ್ಧ ಈಗ ಅಂಗಡಿಯಲ್ಲೇ ಇಲ್ಲ.

ಮೊದಲು ಲೆಕ್ಕ ನೋಡೋಣ. ಸುಮ್ನೆ ಕೇಳುತ್ತಾ ಕೂತರೆ ರೇಡಿಯೊ ಅರ್ಧ ಆಂಪ್ ಎಳೆಯುತ್ತದೆ. 20 ವ್ಯಾಟಿನಲ್ಲಿ ಮಾತಾಡುವಾಗ ಮೀಟರ್ ಮೇಲೆ ಕೆಳಗೆ ಕುಣಿಯುತ್ತದೆ, ನನ್ನ ಧ್ವನಿಗೆ ಸರಾಸರಿ ಎರಡೂವರೆ ಆಂಪ್ ಬರುತ್ತದೆ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೂತು, ಅದರಲ್ಲಿ ಐದನೇ ಒಂದು ಭಾಗ ಮಾತಾಡಿದೆ ಅಂದುಕೊಳ್ಳಿ. ಐದೂವರೆ ಆಂಪ್-ಅವರ್ ಖರ್ಚು. ಅಂದರೆ ಬ್ಯಾಟರಿಯ ಅರ್ಧ ಕೂಡ ಖಾಲಿ ಆಗಿರುವುದಿಲ್ಲ. ಒಂದು ದಿನದ ಪಿಕ್‌ನಿಕ್‌ಗೆ ಪ್ಯಾನೆಲ್ ಬೇಕಾಗಿಯೇ ಇಲ್ಲ! ಇದನ್ನು ಅಂಗಡಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಭಾನುವಾರ ಹೋಗಿ ಭಾನುವಾರ ಬರುವವರು ಬ್ಯಾಟರಿ ಒಂದೇ ತೆಗೆದುಕೊಳ್ಳಿ, ಉಳಿದ ದುಡ್ಡಿಗೆ ರೇಡಿಯೊದಿಂದ ಆಂಟೆನಾಗೆ ಹೋಗುವ ಒಳ್ಳೆ ಕೋಆಕ್ಸ್ ಕೇಬಲ್ ತನ್ನಿ.

ಪ್ಯಾನೆಲ್ ಬೆಲೆ ಗೊತ್ತಾಗುವುದು ಎರಡನೇ ದಿನ. ನನಗೆ ಬೇಕಿದ್ದುದೂ ಅದೇ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅಂಡಮಾನಿನಿಂದ ವಿಯು4ಆರ್‌ಬಿಐ ಅನ್ನುವ ಕಾಲ್‌ಸೈನಿನಲ್ಲಿ (ರೇಡಿಯೊದಲ್ಲಿ ಗುರುತಿಗೆ ಕೊಡುವ ಹೆಸರು) ರೇಡಿಯೊ ನಡೆಸುತ್ತಿದ್ದರು. ಫೋನ್‌ಗಳೆಲ್ಲ ಸತ್ತಾಗ ಅವರೂ ಜೊತೆಯ ಹ್ಯಾಮ್‌ಗಳೂ ಜನರ ಸುದ್ದಿಯನ್ನು ದಡ ಮುಟ್ಟಿಸಿದರು. ಆ ವಿಷಯ ಓದಿಯೇ ನಾನು ಲೈಸೆನ್ಸ್ ಪರೀಕ್ಷೆಗೆ ಕೂತಿದ್ದು. ಕರೆಂಟ್ ಇದ್ದಾಗ ಮಾತ್ರ ಮಾತಾಡುವ ರೇಡಿಯೊ ನನ್ನ ಮಟ್ಟಿಗೆ ಅರ್ಧ ರೇಡಿಯೊ. ಮೂರನೇ ದಿನವೂ ಮಾತಾಡಬೇಕು, ಅದು ನನ್ನ ಅಳತೆಗೋಲು.

ಈಗ ಮುಖ್ಯ ವಿಷಯ. ಸೋಲಾರ್ ಅಂದ ತಕ್ಷಣ ಎಲ್ಲರೂ ವ್ಯಾಟ್ ಕೇಳುತ್ತಾರೆ. ರೇಡಿಯೊದವರು ಕೇಳಬೇಕಾದ್ದು ಸದ್ದು.

ಮೊದಲ ದಿನ ಹುಣಸೇಮರಕ್ಕೆ ವೈರ್ ಕಟ್ಟಿ, ಬ್ಯಾಟರಿಗೆ ರೇಡಿಯೊ ಹಾಕಿ 7 ಮೆಗಾಹರ್ಟ್ಸ್ ತೆಗೆದೆ. ಬರುವ ಸದ್ದಿನ ಬಲ ತೋರಿಸುವ ಎಸ್-ಮೀಟರ್ ಎರಡರಲ್ಲಿ ನಿಂತಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ಅಷ್ಟು ನಿಶ್ಶಬ್ದ ಯಾವತ್ತೂ ಕಂಡಿರಲಿಲ್ಲ, ಅಲ್ಲಿ ಅಕ್ಕಪಕ್ಕದ ಎಲ್‌ಇಡಿ ಬಲ್ಬು, ಇನ್ವರ್ಟರ್ ಎಲ್ಲ ಸೇರಿ ಏಳರಿಂದ ಕೆಳಗೆ ಇಳಿಯುವುದೇ ಇಲ್ಲ. ಖುಷಿಯಿಂದ ಪ್ಯಾನೆಲ್ ಬಿಚ್ಚಿ ಎಂಪಿಪಿಟಿ ಅನ್ನುವ, ಪ್ಯಾನೆಲಿನಿಂದ ಆದಷ್ಟು ಹೆಚ್ಚು ವ್ಯಾಟ್ ಹಿಂಡುವ ಕಂಟ್ರೋಲರ್‌ಗೆ ಸಿಕ್ಕಿಸಿದೆ. ಟಿರ್ರ್ ಅಂತ ಶುರುವಾಯಿತು. ಮೀಟರ್ ಏಳಕ್ಕೆ ಹತ್ತಿತು. ಡಯಲ್ ತಿರುಗಿಸುತ್ತಾ ಹೋದರೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಅದೇ ಸದ್ದು, ಬೇಲಿಗೆ ಗೂಟ ಹೊಡೆದ ಹಾಗೆ. ಇನ್ನೂರು ಕಿಲೋಮೀಟರ್ ದೂರ ಬಂದು ಮನೆಯ ಗಲಾಟೆಯನ್ನೇ ಹೊಲಕ್ಕೆ ತಂದಂತಾಯಿತು.

ಕಾರಣ ಸರಳ. ಎಂಪಿಪಿಟಿ ಅಂದರೆ ಒಳಗೆ ಒಂದು ಸ್ವಿಚಿಂಗ್ ಕನ್ವರ್ಟರ್. ಪ್ಯಾನೆಲ್‌ನ 18 ವೋಲ್ಟನ್ನು ಬ್ಯಾಟರಿಯ 13 ವೋಲ್ಟಿಗೆ ಇಳಿಸಲು ಅದು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ. ಆ ಬಡಿತದ ಹಾರ್ಮೋನಿಕ್ಸ್, ಅಂದರೆ ಅದರ ಎರಡು ಪಟ್ಟು, ಮೂರು ಪಟ್ಟು ಹೀಗೆ ಏರುವ ಕಂಪನಗಳು, ಶಾರ್ಟ್‌ವೇವ್ ಪೂರ್ತಿ ಹರಡುತ್ತವೆ. ಪ್ಯಾನೆಲ್‌ಗೆ ಹೋಗುವ ಉದ್ದ ವೈರ್ ಆಂಟೆನಾ ತರಹ ಅದನ್ನು ಬಿತ್ತರಿಸುತ್ತದೆ. ನಮ್ಮ ಆಂಟೆನಾ ಹತ್ತು ಮಾರು ದೂರದಲ್ಲಿ ಕೂತು ಎಲ್ಲವನ್ನೂ ಹಿಡಿಯುತ್ತದೆ.

ಇದನ್ನು ಇಳಿಸಲು ಒಂದು ವರ್ಷ ಹಿಡಿಯಿತು. ಮೊದಲು ವೈರಿನಲ್ಲಿ ಹರಿಯುವ ಸದ್ದನ್ನು ತಡೆಯಲು ಕ್ಲಿಪ್ ಮಾಡುವ ಸಣ್ಣ ಫೆರೈಟ್‌ಗಳನ್ನು ಹಾಕಿದೆ. ವೈರ್ ಒಂದೇ ಸಲ ಒಳಗೆ ಹಾದು ಹೋದರೆ 7 ಮೆಗಾಹರ್ಟ್ಸ್‌ನಲ್ಲಿ ಏನೂ ಪ್ರಯೋಜನ ಇಲ್ಲ. ಆಮೇಲೆ ಫೆರೈಟಿನದೇ ದೊಡ್ಡ ಟೊರಾಯ್ಡ್ ತರಿಸಿದೆ, ಅಂಗೈ ಅಗಲದ ಬಳೆ ಇದ್ದ ಹಾಗೆ ಇರುತ್ತದೆ, 31 ಅನ್ನುವ ಮಿಶ್ರಣದ್ದು. ಪ್ಲಸ್, ಮೈನಸ್ ಎರಡೂ ವೈರ್ ಜೊತೆಗೆ ಹೆಣೆದು, ಆ ಬಳೆಯೊಳಗೆ ಹನ್ನೊಂದು ಸುತ್ತು ಬಿಗಿಯಾಗಿ ಸುತ್ತಿದೆ. ಪ್ಯಾನೆಲ್ ಕಡೆಗೊಂದು, ಬ್ಯಾಟರಿ ಕಡೆಗೊಂದು, ಎರಡೂ ಕಂಟ್ರೋಲರ್‌ನ ಬಾಯಿಗೇ ಅಂಟಿಕೊಂಡಂತೆ ಇಟ್ಟೆ. ಒಂದು ಗೇಣು ದೂರ ಇಟ್ಟರೂ ವ್ಯತ್ಯಾಸ ಕಾಣುತ್ತದೆ, ನಾನೇ ಸರಿಸಿ ಸರಿಸಿ ನೋಡಿದ್ದೇನೆ. ಮೀಟರ್ ಏಳರಿಂದ ನಾಲ್ಕಕ್ಕೆ ಬಂತು. ದೊಡ್ಡ ಗೆಲುವು ಅದು, ಒಂದೊಂದು ಎಸ್ ಯೂನಿಟ್ ಅಂದರೆ 6 ಡೆಸಿಬೆಲ್ ಅಲ್ವಾ.

ಆದರೆ ಪೂರ್ತಿ ಹೋಗಲಿಲ್ಲ. ಕೊನೆಗೆ ಎಂಪಿಪಿಟಿಯನ್ನೇ ಬಿಟ್ಟು ಸಾದಾ ಪಿಡಬ್ಲ್ಯುಎಂ ಕಂಟ್ರೋಲರ್ ಹಾಕಿದೆ. ಇದನ್ನು ಕೇಳಿ ನನ್ನ ಹ್ಯಾಮ್ ಗೆಳೆಯರು ಬೈದರು, ಹಿಂದಕ್ಕೆ ಹೋಗ್ತಿದ್ದೀಯಾ ಅಂತ. ಅಳೆದು ನೋಡಿದ್ದನ್ನು ಹೇಳುತ್ತೇನೆ. ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ, ಅದೇ 50 ವ್ಯಾಟ್ ಪ್ಯಾನೆಲ್, ಎಂಪಿಪಿಟಿಯಲ್ಲಿ 3.1 ಆಂಪ್, ಪಿಡಬ್ಲ್ಯುಎಂನಲ್ಲಿ 2.7 ಆಂಪ್. ಅಷ್ಟೇ ವ್ಯತ್ಯಾಸ. ನಮ್ಮ ಬಿಸಿಲಿಗೆ ಪ್ಯಾನೆಲ್ ಕಾದ ಹೆಂಚಾಗುತ್ತದೆ, ಕಾದಷ್ಟೂ ಅದರ ವೋಲ್ಟೇಜ್ ಬೀಳುತ್ತದೆ, ವೋಲ್ಟೇಜ್ ಬಿದ್ದಷ್ಟೂ ಎಂಪಿಪಿಟಿಗೆ ಉಳಿಸಿಕೊಡಲು ಏನೂ ಇರುವುದಿಲ್ಲ. ಬ್ಯಾಟರಿ ತುಂಬುವವರೆಗೂ ಪಿಡಬ್ಲ್ಯುಎಂ ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಕಟ್ಟಿಟ್ಟಿರುತ್ತದೆ, ಬಡಿತವೇ ಇಲ್ಲ, ಸದ್ದೂ ಇಲ್ಲ. ತುಂಬುತ್ತಾ ಬಂದಾಗ ಮಾತ್ರ ಕತ್ತರಿಸಲು ಶುರುಮಾಡುತ್ತದೆ. ಆಗ ಒಂದು ಸ್ವಿಚ್ ಒತ್ತಿ ಪ್ಯಾನೆಲ್ ಬಿಡಿಸಿಬಿಡುತ್ತೇನೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ನಲವತ್ತು ರೂಪಾಯಿಗೆ ತಂದ ಟಾಗಲ್ ಸ್ವಿಚ್. ಇಡೀ ಸೆಟ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಅದು.

ಪಿಡಬ್ಲ್ಯುಎಂ ಕೊಳ್ಳುವಾಗ ಲಿಥಿಯಂ ಸೆಟ್ಟಿಂಗ್ ಇದೆಯಾ ನೋಡಿ. 14.4 ರಿಂದ 14.6 ವೋಲ್ಟಿಗೆ ನಿಲ್ಲಬೇಕು. ಸೀಸದ ಬ್ಯಾಟರಿಗೆ ಇರುವ ಈಕ್ವಲೈಸ್ (ಆಗಾಗ ಬೇಕೆಂದೇ ಹೆಚ್ಚು ವೋಲ್ಟೇಜ್ ಕೊಡುವುದು) ಅನ್ನುವುದು ಆಫ್ ಇರಲೇಬೇಕು.

ಮೂರು ಕಂಟ್ರೋಲರ್ ಅಂದೆನಲ್ಲ, ಒಂದು ನನ್ನ ಕೈಯಿಂದಲೇ ಸುಟ್ಟಿತು. ಸಂಜೆ ಗಂಟು ಕಟ್ಟುವ ಅವಸರದಲ್ಲಿ ಪ್ಯಾನೆಲ್ ಬಿಸಿಲಿನಲ್ಲಿರುವಾಗಲೇ ಬ್ಯಾಟರಿ ವೈರ್ ಮೊದಲು ಬಿಚ್ಚಿದೆ. ಒತ್ತಡ ತಡೆಯಲು ಬ್ಯಾಟರಿ ಇಲ್ಲ, ಪ್ಯಾನೆಲ್‌ನ 21 ವೋಲ್ಟ್ ನೇರವಾಗಿ ನುಗ್ಗಿತು, ಸಣ್ಣಗೆ ಹೊಗೆ ವಾಸನೆ. ಆ ಹೊತ್ತಿಗೆ ರೇಡಿಯೊ ಕಂಟ್ರೋಲರ್‌ನ ಲೋಡ್ ಟರ್ಮಿನಲ್‌ಗೆ ಇದ್ದಿದ್ದರೆ ಅದೂ ಹೋಗುತ್ತಿತ್ತು, ಜಿ90 ತಡೆದುಕೊಳ್ಳುವುದು 16.5 ವೋಲ್ಟ್ ಮಾತ್ರ. ಹಾಗಾಗಿ ದಯವಿಟ್ಟು ನೆನಪಿಡಿ. ಹಾಕುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಬಿಚ್ಚುವಾಗ ಪ್ಯಾನೆಲ್ ಮೊದಲು. ರೇಡಿಯೊ ಯಾವತ್ತೂ ಬ್ಯಾಟರಿಗೇ, ನಡುವೆ ಕಾರಿನ ಫ್ಯೂಸ್ ಒಂದು.

ಬ್ಯಾಟರಿ ಬಗ್ಗೆ ದೂರು ಇಲ್ಲ. ಮೊದಲು ಯುಪಿಎಸ್‌ನ 7 ಆಂಪ್-ಅವರ್ ಸೀಸದ ಬ್ಯಾಟರಿ ಹೊರುತ್ತಿದ್ದೆ, ಎರಡು ಕಿಲೋ ದಾಟುತ್ತಿತ್ತು, ಅರ್ಧ ಬಳಸುವಷ್ಟರಲ್ಲಿ ವೋಲ್ಟೇಜ್ ಕುಸಿದು ಧ್ವನಿ ಒಡೆಯುತ್ತಿತ್ತು. ಇದು ಅದಕ್ಕಿಂತ ಹಗುರ, ಮೂರು ವರ್ಷದ ಮೇಲೂ 11 ಆಂಪ್-ಅವರ್ ಮೇಲೆ ಕೊಡುತ್ತಿದೆ. ಒಂದೇ ಎಚ್ಚರ, ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಗಂಟೆಗಟ್ಟಲೆ 13.1 ತೋರಿಸುತ್ತಲೇ ಇರುತ್ತದೆ, ಕೊನೆಗೆ ಸರ್ರನೆ ಬಿದ್ದು ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್ ಬಿಎಂಎಸ್ ಕತ್ತರಿಸಿಬಿಡುತ್ತದೆ. ಮಾತಿನ ಮಧ್ಯೆ ಹೋಯಿತು ಅಂದರೆ ಎದುರಿನವರಿಗೆ ಏನಾಯಿತೋ ಅಂತ ಗಾಬರಿ. ಡ್ರೋನ್ ಹುಡುಗರು ಬಳಸುವ ವಾಟ್‌ಮೀಟರ್ ಒಂದನ್ನು ನಡುವೆ ಹಾಕಿದರೆ ಎಷ್ಟು ಖರ್ಚಾಯಿತು ಅಂತ ನೇರ ಎಣಿಸಿ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಬ್ಯಾಟರಿಯನ್ನು ನೆರಳಲ್ಲಿಡಿ. ಬಿಸಿಲಿಗಿಟ್ಟ ಕಪ್ಪು ಡಬ್ಬಿಯಲ್ಲಿ ನನ್ನದು ಕಾದು ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು.

ಮಡಚುವ ಪ್ಯಾನೆಲ್ ಮಾತ್ರ ಬೇಜಾರು ಮಾಡಿತು. ಹೊಸದರಲ್ಲಿ ಮಧ್ಯಾಹ್ನ 44 ವ್ಯಾಟ್ ಕೊಡುತ್ತಿತ್ತು. ಎರಡನೇ ಬೇಸಿಗೆ ಮುಗಿಯುವಷ್ಟರಲ್ಲಿ 30ಕ್ಕೆ ಇಳಿಯಿತು. ಮಡಿಕೆಯ ಜಾಗದಲ್ಲಿ ಒಳಗಿನ ತಂತಿ ಸವೆದಿತ್ತು, ಬಗ್ಗಿಸಿದರೆ ಕರೆಂಟ್ ಬರುವುದು, ಬಿಟ್ಟರೆ ಹೋಗುವುದು. ಬೆನ್ನ ಮೇಲೆ ಹೊತ್ತು ನಡೆಯುವವರಿಗೆ ಬೇರೆ ದಾರಿಯಿಲ್ಲ, ನಿಜ. ಕಾರು, ಬೈಕಿನಲ್ಲಿ ಹೋಗುವವರು ಗಾಜಿನದೇ ತೆಗೆದುಕೊಳ್ಳಿ. ನಾಲ್ಕು ಕಿಲೋ ತೂಗುತ್ತದೆ, ಆದರೆ ಕಾಲು ಭಾಗದ ಬೆಲೆ, ಒದ್ದೆ ಬಟ್ಟೆಯಿಂದ ಧೂಳು ಒರೆಸಿದರೆ ಮತ್ತೆ ಹೊಸದು. ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಓರೆಗೆ ಇಡಿ, 13–14 ಡಿಗ್ರಿ ಸಾಕು ನಮ್ಮ ಕಡೆ. ಚಿತ್ರದುರ್ಗ ಸೀಮೆಯ ಗಾಳಿಗೆ ಕಲ್ಲು ಹೇರದಿದ್ದರೆ ಅದು ಅಲ್ಲಿ ಇರುವುದಿಲ್ಲ. ಒಂದು ಕೊಂಬೆಯ ನೆರಳು ಬಿದ್ದರೂ ಅರ್ಧ ಕರೆಂಟ್ ಹೋಗುತ್ತದೆ. ನಮಗೆ ನೆರಳು ಬೇಕು, ಪ್ಯಾನೆಲ್‌ಗೆ ಬಿಸಿಲು ಬೇಕು, ಅದಕ್ಕೇ ಉದ್ದದ ವೈರ್. ಹತ್ತು ಮೀಟರ್‌ಗೆ 2.5 ಚದರ ಮಿಲಿಮೀಟರಿನ ಮನೆ ವೈರಿಂಗ್ ತಾಮ್ರ ಸಾಕಾಗುತ್ತದೆ. ತೆಳ್ಳಗಿನ ಸ್ಪೀಕರ್ ವೈರ್ ಹಾಕಿದಾಗ ಒಂದು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಆಂಟೆನಾ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. 20 ಮೀಟರ್ ವೈರ್, 40, 20, 15, 10 ಮೀಟರ್ ನಾಲ್ಕೂ ಬ್ಯಾಂಡಿಗೆ (ಅಲೆಯ ಉದ್ದದ ಲೆಕ್ಕದಲ್ಲಿ ಕರೆಯುವ ಹೆಸರು; 7 ಮೆಗಾಹರ್ಟ್ಸ್ ಅಂದರೆ 40 ಮೀಟರ್) ಆಗುತ್ತದೆ. ಮರ ಇಲ್ಲದ ಕಡೆ ಫೈಬರ್ ಗಾಳದ ಕೋಲು. ಹುಣಸೇಮರ ಸಿಕ್ಕರೆ ದಾರಕ್ಕೆ ಕಲ್ಲು ಕಟ್ಟಿ ಎಸೆಯುತ್ತೇನೆ. ದೊಡ್ಡಪ್ಪ ಮೊದಲ ಸಲ ನೋಡಿದಾಗ, "ಏನ್ ಮಗಾ, ಮರಕ್ಕೆ ಕರೆಂಟ್ ಕೊಡ್ತಿದ್ಯಾ?" ಅಂತ ಕೇಳಿದ್ದರು.

ಮಳೆಗಾಲದ ಮಾತು ಬೇರೆ. ಜುಲೈನಲ್ಲಿ ಸಕಲೇಶಪುರದ ಕಡೆ ಎರಡು ದಿನ ಇದ್ದೆ. ಮೋಡ ಕವಿದು 50 ವ್ಯಾಟಿನ ಪ್ಯಾನೆಲ್ 5 ವ್ಯಾಟ್ ಕೂಡ ಕೊಡಲಿಲ್ಲ. ರೇಡಿಯೊ ಕೇಳುವುದಕ್ಕೂ ಅದು ಸಾಲದು. ಮಲೆನಾಡಿಗೆ ಮಳೆಗಾಲದಲ್ಲಿ ಹೋಗುವವರು ಇನ್ನೊಂದು ಬ್ಯಾಟರಿ ಒಯ್ಯಿರಿ, ಪ್ಯಾನೆಲ್ ಮನೆಯಲ್ಲಿರಲಿ.

ಬಿಸಿಲಿದ್ದರೂ ಮಾತಾಡಲಾಗದ ಒಂದು ದಿನವೂ ಬಂತು. 2024ರ ಮೇ 11, ಶನಿವಾರ. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ, ಬ್ಯಾಟರಿ ತುಂಬಿ ತುಳುಕುತ್ತಿದೆ, 20 ಮೀಟರ್ ಬ್ಯಾಂಡಿನಲ್ಲಿ ಒಂದು ನರಪಿಳ್ಳೆಯ ಸದ್ದಿಲ್ಲ. ಕೋಆಕ್ಸ್ ಬಿಚ್ಚಿದೆ, ಟ್ರಾನ್ಸ್‌ಫಾರ್ಮರ್ ಡಬ್ಬಿ ತೆರೆದೆ, ಎಲ್ಲ ಸರಿ ಇತ್ತು. ಮಧ್ಯಾಹ್ನ ಫೋನಿಗೆ ಸಿಗ್ನಲ್ ಸಿಕ್ಕಾಗ ಗೊತ್ತಾಯಿತು, ಎರಡು ದಶಕದಲ್ಲೇ ದೊಡ್ಡ ಸೌರ ಬಿರುಗಾಳಿ. ನಮ್ಮ ಅಲೆಗಳನ್ನು ದೂರಕ್ಕೆ ತಿರುಗಿಸಿ ಕಳಿಸುವ ಮೇಲಿನ ಆಕಾಶದ ಪದರವನ್ನೇ ಅದು ಕೆಡಿಸಿತ್ತು. ಹಿಂದಿನ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತಂತೆ. ನನ್ನ ಬ್ಯಾಟರಿ ತುಂಬಿದ ಸೂರ್ಯನೇ ದಾರಿಯನ್ನೂ ಮುಚ್ಚಿದ್ದ. ಆ ದಿನ ಒಬ್ಬರ ಜೊತೆಗೂ ಮಾತಾಗಲಿಲ್ಲ, ಆದರೂ ಸಂಜೆವರೆಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ.

ಕಳೆದ ಡಿಸೆಂಬರಿನ ಮೂರು ದಿನ ಅದಕ್ಕೆ ತದ್ವಿರುದ್ಧ. ಎರಡನೇ ರಾತ್ರಿ ಊರಿನ ಕರೆಂಟ್ ಹೋಯಿತು. ಪಂಪ್‌ಸೆಟ್ಟು, ಬೀದಿ ದೀಪ, ಟಿವಿ ಎಲ್ಲ ಒಟ್ಟಿಗೆ ನಿಂತವು. ಎಸ್-ಮೀಟರಿನ ಪಟ್ಟಿ ಪೂರ್ತಿ ಮಲಗಿತು. ಅದುವರೆಗೆ ಇದ್ದದ್ದೇ ತಿಳಿಯದ ಧ್ವನಿಗಳು ಒಂದೊಂದಾಗಿ ಮೇಲೆ ಬಂದವು. ಹೊಸೂರಿನ ಹಿರಿಯರೊಬ್ಬರು ಕನ್ನಡದಲ್ಲೇ ಮಾತಾಡಿದರು, 59 ಬರ್ತಿದ್ದೀರಿ (ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ ಅಂತ ಅರ್ಥ), ಏನ್ ಪವರ್ ಅಂತ ಕೇಳಿದರು. 20 ವ್ಯಾಟ್, ನಿನ್ನೆಯ ಬಿಸಿಲು ಸರ್, ಅಂದೆ. ದೊಡ್ಡಪ್ಪ ಲಾಟೀನು ಹಿಡಿದು ಬಂದು ಪಕ್ಕದಲ್ಲಿ ಕೂತು, ಇನ್ನೊಂದು ಹೆಡ್‌ಫೋನ್ ಇದೆಯಾ ಅಂತ ಕೇಳಿದರು. ಮೂರನೇ ದಿನ ಹೊರಡುವಾಗ ವಾಟ್‌ಮೀಟರಿನ ಪ್ರಕಾರ ಖರ್ಚು 17, ಬಿಸಿಲು ಕೊಟ್ಟದ್ದು 16 ಆಂಪ್-ಅವರ್.

ಮುಂದಿನ ಬೇಸಿಗೆಗೆ ಎರಡು ಕೆಲಸ ಬಾಕಿ ಇವೆ. ಕಂಟ್ರೋಲರನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು ನೋಡಬೇಕು, ಪ್ಯಾನೆಲ್ ವೈರ್ ಆಂಟೆನಾಗೆ ಅಡ್ಡಲಾಗಿ ಹಾಯಿಸಿದರೆ ಸದ್ದು ಇನ್ನೂ ಇಳಿಯುತ್ತದಾ ಅಳೆಯಬೇಕು. ಯಾರಾದರೂ ಆಗಲೇ ಮಾಡಿ ನೋಡಿದ್ದರೆ ಎಸ್-ಮೀಟರ್ ಎಷ್ಟಿಂದ ಎಷ್ಟಕ್ಕೆ ಬಂತು ಅಂತ ತಿಳಿಸಿ. 73, ಅಂದರೆ ಹ್ಯಾಮ್ ಭಾಷೆಯಲ್ಲಿ ಶುಭಾಶಯ.