ಹಿತ್ತಲ ಧರೆಗೆ ಯಾವ ಸಾಮಾನು? ಚಿಕ್ಕಮಗಳೂರಲ್ಲಿ ಸಿಗುವುದನ್ನೆಲ್ಲ ನೋಡಿ ಬರೆದ ರಿವ್ಯೂ

ಧರೆ ಅಂದರೆ ಇಳಿಜಾರು ಕಡಿದಾಗ ನೆಟ್ಟಗೆ ಉಳಿಯುವ ಮಣ್ಣಿನ ಗೋಡೆ; ಅದು ಜರಿಯದಂತೆ ಕಟ್ಟುವ ತಡೆಗೋಡೆಗೆ ಯಾವ ಸಾಮಾನು ತರಬೇಕು ಅನ್ನೋದು ಇಲ್ಲಿನ ವಿಷಯ. ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಅಡಿವರೆಗಿನ ತಡೆಗೋಡೆಗೆ ನಮ್ಮ ಕಡೆ ಸೈಜು ಕಲ್ಲೇ (ಅಳತೆಗೆ ಒಡೆದ ಕಲ್ಲು) ಸರಿ. ಸಾಲಿಡ್ ಬ್ಲಾಕ್ (ತೂತಿಲ್ಲದ ಸಿಮೆಂಟ್ ಇಟ್ಟಿಗೆ) ಎರಡು ಅಡಿಯ ಹೂವಿನ ಪಾತಿಗೆ ಸಾಕು, ಅದಕ್ಕಿಂತ ಮೇಲೆ ಬೇಡ. ಜಂಬಿಟ್ಟಿಗೆ (ಭೂಮಿಯಿಂದ ಕಡಿದು ತೆಗೆಯುವ ಕೆಂಪು ಕಲ್ಲು) ನೋಡೋಕೆ ಚಂದ, ಆದರೆ ನಿಂತು ಆರಿಸಿ ತರಬೇಕು. ಗೇಬಿಯನ್ (ಕಲ್ಲು ತುಂಬಿದ ತಂತಿ ಬುಟ್ಟಿ) ಒಳ್ಳೆಯ ಸಾಮಾನು, ಆದರೆ ಸಣ್ಣ ಹಿತ್ತಲಿಗಲ್ಲ. ಗೋಡೆ ಹಿಂದಿನ ನೀರಿಗೆ ದಾರಿ ಬಿಡದಿದ್ದರೆ ಇವುಗಳಲ್ಲಿ ಯಾವುದನ್ನು ತಂದರೂ ದುಡ್ಡು ದಂಡ.

ನಮ್ಮ ಜಾಗ ಇರುವುದು ಊರಂಚಿನಲ್ಲಿ, ಕೈಮರದ ಕಡೆ ಏರು ಶುರುವಾಗುವ ಹತ್ತಿರ. ಸೈಟ್ ಮಟ್ಟ ಮಾಡಲು ಜೆಸಿಬಿಯಲ್ಲಿ ಧರೆ ಕಡಿಸಿದ ಮೇಲೆ ಹಿಂದೆ ನಾಲ್ಕು ಅಡಿ ಕೆಂಪು ಮಣ್ಣು ನೆಟ್ಟಗೆ ನಿಂತಿತ್ತು. ಬೇಸಿಗೆಯಲ್ಲಿ ನೋಡಿದವರು ಇದಕ್ಕೆ ಗೋಡೆ ಯಾಕೆ, ಗುದ್ದಲಿಯೇ ಇಳಿಯಲ್ಲ ಅಂದರು. ಮಲೆನಾಡಲ್ಲಿ ಇದ್ದವರು ಹಾಗೆ ಹೇಳಬಾರದು. ಸಕಲೇಶಪುರದ ದೋಣಿಗಾಲ್ ಹತ್ತಿರ ರಾಷ್ಟ್ರೀಯ ಹೆದ್ದಾರಿ 75 ಕುಸಿದದ್ದು 2021ರ ಜುಲೈಯಲ್ಲಿ, ಮತ್ತೆ 2022ರ ಮಳೆಯಲ್ಲೂ ಅಲ್ಲೇ ಜರಿಯಿತು. ಚಾರ್ಮಾಡಿ ಘಾಟಿ 2019ರ ಆಗಸ್ಟಿನಲ್ಲಿ ಎಲ್ಲೆಲ್ಲಿ ಜರಿದಿತ್ತು ಅಂತ ಮೂಡಿಗೆರೆ ಕಡೆಯವರಿಗೆ ನೆನಪಿರುತ್ತದೆ. ನಮ್ಮ ಹಿತ್ತಲು ಅಷ್ಟು ದೊಡ್ಡದಲ್ಲ ನಿಜ, ಆದರೆ ನೀರು ಕುಡಿದ ಮಣ್ಣು ಜರಿಯುವ ಕಾರಣ ಎರಡೂ ಕಡೆ ಒಂದೇ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ, ಸಾಮಾನು ಆರಿಸುವಾಗ ಇದೇ ಕೆಲಸಕ್ಕೆ ಬರುವುದು. ನಾಲ್ಕು ಅಡಿ ಎತ್ತರದ ಒಣ ಮಣ್ಣು ಒಂದು ಮೀಟರ್ ಉದ್ದದ ಗೋಡೆಯನ್ನು ಸುಮಾರು 400ರಿಂದ 450 ಕೆಜಿ ಬಲದಲ್ಲಿ ಮುಂದಕ್ಕೆ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ ನೀರಿನದ್ದೇ 700 ಕೆಜಿ ದಾಟುತ್ತದೆ, ಮಣ್ಣಿನದ್ದೂ ಸೇರಿದರೆ 900 ದಾಟುತ್ತದೆ (ನೀರಲ್ಲಿ ಮುಳುಗಿದ ಮಣ್ಣು ಒಣ ಮಣ್ಣಿನಷ್ಟು ತಳ್ಳುವುದಿಲ್ಲ). ಅಂದರೆ ಜುಲೈಯಲ್ಲಿ ಗೋಡೆ ಮೇಲೆ ಬೀಳುವ ಒತ್ತಡ ಏಪ್ರಿಲ್‌ನ ಎರಡು ಪಟ್ಟು. ಇನ್ನೊಂದು ವಿಷಯ, ಎತ್ತರ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಪಕ್ಕದ ಮನೆಯವರ ಎರಡು ಅಡಿ ಗೋಡೆ ಚೆನ್ನಾಗೇ ನಿಂತಿದೆ ಅಂತ ಅದನ್ನೇ ನೋಡಿ ನಾಲ್ಕು ಅಡಿ ಕಟ್ಟಿಸುವುದು ಅದಕ್ಕೇ ಸರಿಯಲ್ಲ.

ಈಗ ಸಾಲಿಡ್ ಬ್ಲಾಕ್. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಎಲ್ಲಿ ಬೇಕಾದರೂ ಸಿಗುತ್ತದೆ, ಬೇಗ ಏಳುತ್ತದೆ, ಕೂಲಿ ಕಮ್ಮಿ. ನಾನು ಕೇಳಿದ ಕಡೆ ಹೆಚ್ಚಿನವರು ಇದನ್ನೇ ಹೇಳಿದರು. ಆರು ಇಂಚಿನ ಬ್ಲಾಕಿನಲ್ಲಿ ನಾಲ್ಕು ಅಡಿ ಗೋಡೆ ಕಟ್ಟಿದರೆ ಮೀಟರಿಗೆ ಅದರ ತೂಕ ಬರೋದೇ ಸುಮಾರು 360 ಕೆಜಿ. ತಳ್ಳುವ ಮಣ್ಣಿನ ಬಲ ಅದಕ್ಕಿಂತ ಜಾಸ್ತಿ! ಗೋಡೆಯ ದಪ್ಪ ಬೇರೆ ಅರ್ಧ ಅಡಿ ಅಷ್ಟೇ. ಮೇಲೆ ಪ್ಲಾಸ್ಟರಿಂಗ್ ಮಾಡಿ ಬಣ್ಣ ಹೊಡೆದರೆ ಬಲ ಬರಲ್ಲ. ಬ್ಲಾಕೇ ಬೇಕು ಅನ್ನುವವರು ಹಾಲೋ ಬ್ಲಾಕ್ ತಂದು, ಪಾಯದಿಂದಲೇ ಕಂಬಿ ಎಬ್ಬಿಸಿ, ತೂತಿನೊಳಗೆ ಕಾಂಕ್ರೀಟ್ ತುಂಬಿಸಬೇಕು. ಆಗ ಅದು ಬೇರೆಯೇ ಗೋಡೆ. ಖರ್ಚೂ ಕಲ್ಲಿನ ಹತ್ತಿರಕ್ಕೆ ಬರುತ್ತದೆ.

ಜಂಬಿಟ್ಟಿಗೆಗೆ ನಾನು ಸೋತಿದ್ದೆ, ನಿಜ ಹೇಳಬೇಕು. ಕಾಫಿ ಗಿಡದ ಹಸಿರಿನ ಮುಂದೆ ಆ ಕೆಂಪು ಬಣ್ಣ ಏನು ಚಂದ ಅಂತೀರಿ. ಮೂಡಿಗೆರೆ, ಕೊಪ್ಪದ ಕಡೆ ಹಳೇ ಮನೆಗಳ ಗೋಡೆ ನೋಡಿದವರಿಗೆ ಗೊತ್ತು. ಇದು ಭೂಮಿಯಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. ಹಾಗಾಗಿ ನಿನ್ನೆ ಕಡಿದದ್ದನ್ನು ಇವತ್ತು ತಂದು ಕಟ್ಟಬೇಡಿ. ತೂತು ಜಾಸ್ತಿ, ನೀರು ಹೀರುತ್ತದೆ. ಮನೆಯ ಗೋಡೆಯಾದರೆ ಮಳೆ ನಿಂತ ಮೇಲೆ ಒಣಗುತ್ತದೆ, ತಡೆಗೋಡೆಯ ಹಿಂಬದಿ ಮಳೆಗಾಲ ಪೂರ್ತಿ ಒದ್ದೆಯಾಗೇ ಇರುತ್ತದೆ. ನಾನು ನೋಡಿದ ಒಂದು ಲೋಡಿನಲ್ಲಿ ಅರ್ಧ ಕಲ್ಲು ಗಟ್ಟಿ, ಉಳಿದದ್ದರಲ್ಲಿ ಹಳದಿ ಬಿಳಿ ಮಣ್ಣಿನ ಪಟ್ಟೆ, ಉಗುರಲ್ಲಿ ಕೆರೆದರೆ ಪುಡಿ ಬರುತ್ತಿತ್ತು. ಮಾರುವವರು ಆರಿಸೋಕೆ ಬಿಟ್ಟರೆ ಮಾತ್ರ ತನ್ನಿ. ಬಿಡಲ್ಲ ಅಂದರೆ ವಾಪಸ್ ಬನ್ನಿ. ಮೂರು ಅಡಿ ಒಳಗೆ, ಚೆನ್ನಾಗಿ ನೀರು ಇಳಿದುಹೋಗುವ ಜಾಗಕ್ಕೆ ಇದು ಪರವಾಗಿಲ್ಲ.

ಗೇಬಿಯನ್ ಅಂದರೆ ತಂತಿ ಬುಟ್ಟಿಯೊಳಗೆ ಕಲ್ಲು ತುಂಬಿ ಜೋಡಿಸುವುದು. ಒಂದು ಮೀಟರ್ ಉದ್ದ, ಅಗಲ, ಎತ್ತರದ ಬುಟ್ಟಿ ತುಂಬಿದರೆ ಒಂದೂವರೆ ಟನ್ ದಾಟುತ್ತದೆ. ನೀರು ನಿಲ್ಲುವ ಮಾತೇ ಇಲ್ಲ, ಸಂದಿಸಂದಿಯಲ್ಲಿ ಹರಿದುಹೋಗುತ್ತದೆ. ಕೆಳಗಿನ ಮಣ್ಣು ಸ್ವಲ್ಪ ಕೂತರೂ ಬಿರುಕು ಬಿಡದೆ ಬಗ್ಗಿಕೊಳ್ಳುತ್ತದೆ. ಎಸ್ಟೇಟ್ ರಸ್ತೆ ಬದಿಗೆ, ಹಳ್ಳದ ದಂಡೆಗೆ ನನ್ನ ಓಟು ಇದಕ್ಕೇ. ಆದರೆ ಮೂವತ್ತು ಅಡಿ ಅಗಲದ ಸೈಟಿನಲ್ಲಿ ಮೂರು ಅಡಿ ಬುಟ್ಟಿಗೇ ಕೊಟ್ಟರೆ ಕರಿಬೇವು ಎಲ್ಲಿ ನೆಡೋದು? ತಗೊಳ್ಳುವುದಾದರೆ ಒಳ್ಳೆಯ ಜಿಂಕ್ ಲೇಪನದ ತಂತಿ ಕೇಳಿ. ಬೇಲಿಗೆ ಹಾಕುವ ಮೆಶ್ ಕತ್ತರಿಸಿ ಬುಟ್ಟಿ ಹೆಣೆದು ಕೊಡುತ್ತೇವೆ ಅನ್ನುವವರೂ ಸಿಕ್ಕರು. ನಮಸ್ಕಾರ ಹೇಳಿ ಬಂದೆ.

ಸಿಲ್ವರ್ ಓಕ್ ಹಲಗೆ ಹೊಡೆದು ಮಣ್ಣು ನಿಲ್ಲಿಸಿ ಅಂದವರಿಗೆ ಒಂದೇ ಉತ್ತರ, ಗೆದ್ದಲು.

ಕೊನೆಗೆ ತಂದದ್ದು ಸೈಜು ಕಲ್ಲು. ಗ್ರಾನೈಟ್ ಜಾತಿಯ ಕಲ್ಲು, ನೀರು ಹೀರುವುದು ನಾಮಕಾವಸ್ತೆ, ತೂಕ ಘನ ಮೀಟರಿಗೆ ಎರಡೂವರೆ ಟನ್ನಿಗಿಂತ ಮೇಲೆ. ತಳದಲ್ಲಿ ಎರಡು ಅಡಿ, ತುದಿಯಲ್ಲಿ ಒಂದು ಅಡಿ ದಪ್ಪ ಇಟ್ಟು, ಮುಖವನ್ನು ಧರೆಯ ಕಡೆಗೆ ಸ್ವಲ್ಪ ವಾಲಿಸಿ ಕಟ್ಟಿಸಿದೆವು. ಮೀಟರಿಗೆ ಸುಮಾರು 1,300 ಕೆಜಿ ತೂಕ ಬರುತ್ತದೆ. ಬ್ಲಾಕಿನ 360 ಜೊತೆ ಹೋಲಿಸಿ ನೋಡಿ. ಕಲ್ಲು ಅಂದ ತಕ್ಷಣ ಕೆಲವರು ಸಕಲೇಶಪುರದ ಮಂಜರಾಬಾದ್ ಕೋಟೆ ತೋರಿಸುತ್ತಾರೆ, 1792ರಲ್ಲಿ ಟಿಪ್ಪು ಕಟ್ಟಿಸಿದ್ದು ಇನ್ನೂ ನಿಂತಿಲ್ವಾ ಅಂತ. ನಿಂತಿದೆ. ಆ ಗೋಡೆಯ ದಪ್ಪವನ್ನೂ ಒಮ್ಮೆ ನೋಡಿ ಬನ್ನಿ. ಕಲ್ಲಿನಲ್ಲೂ ಒಂಬತ್ತು ಇಂಚು ದಪ್ಪದ ಒಂದೇ ಸಾಲು ಎಬ್ಬಿಸಿದರೆ ಉಪಯೋಗ ಇಲ್ಲ. ಅಲ್ಲಲ್ಲಿ ಮುಖದಿಂದ ಹಿಂಬದಿವರೆಗೆ ಹೋಗುವ ಉದ್ದ ಕಲ್ಲು ಇಡಿಸಲೇಬೇಕು, ಇಲ್ಲದಿದ್ದರೆ ಮುಂದಿನ ಸಾಲು ಹಿಂದಿನ ಸಾಲು ಬೇರೆ ಬೇರೆಯಾಗಿ ಹೊಟ್ಟೆ ಬರುತ್ತದೆ.

ಮೇಸ್ತ್ರಿ ಜೊತೆ ಜಗಳ ಆಗಿದ್ದು ಜಲ್ಲಿ ವಿಷಯಕ್ಕೆ. "ಹಿಂದ್ಗಡೆ ಜಲ್ಲಿ ಯಾಕ್ ಸಾರ್, ಕಾಣದೇ ಇಲ್ಲ, ಕಡ್ದಿರೋ ಮಣ್ಣೇ ತುಂಬ್ಸಣ ಬಿಡಿ" ಅಂದರು. ಕೆಲಸ ಅಚ್ಚುಕಟ್ಟಿನವರು, ಕಲ್ಲು ಕೂರಿಸುವ ಕೈ ನೋಡಿದರೆ ಖುಷಿಯಾಗುತ್ತದೆ, ಆದರೆ ಈ ಒಂದು ವಿಷಯಕ್ಕೆ ನಾನು ಬಗ್ಗಲಿಲ್ಲ. ಗೋಡೆ ಹಿಂದೆ ಒಂದು ಅಡಿ ಅಗಲಕ್ಕೆ 40 ಎಂಎಂ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋ ಬಟ್ಟೆ, ಗೋಡೆಯಲ್ಲಿ ನಾಲ್ಕೈದು ಅಡಿಗೊಂದು ಪಿವಿಸಿ ಪೈಪು, ಹೊರಗೆ ಇಳಿಜಾರಾಗಿ. ಬಟ್ಟೆ ಇಲ್ಲಿ ಸುಲಭಕ್ಕೆ ಸಿಗಲಿಲ್ಲ, ಬೆಂಗಳೂರಿಂದ ತರಿಸಿದೆ. ಪ್ಲಾಸ್ಟಿಕ್ ಶೀಟ್ ಹಾಕಿ ಅನ್ನುತ್ತಾರೆ, ಅದು ನೀರನ್ನೇ ತಡೆಯುತ್ತದೆ, ಬೇಡ. ಮಳೆ ಜೋರಾದ ಮೇಲೆ ಪೈಪುಗಳಲ್ಲಿ ತಿಳಿ ನೀರು ಬಂತು. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕರಗಿ ಹೊರಡುತ್ತಿದೆ ಅಂತ ಅರ್ಥ.

ತೋಟದವರಿಗೆ ಒಂದು ಮಾತು. ನೀರಿಂಗಿಸಲು ತೊಟ್ಟಿಲು ಗುಂಡಿ ತೆಗೆಯುತ್ತೀರಲ್ಲ, ತಡೆಗೋಡೆಯ ತಲೆ ಮೇಲೆ ಮಾತ್ರ ತೆಗೆಯಬೇಡಿ. ಅಲ್ಲಿ ನೀರನ್ನು ಪಕ್ಕಕ್ಕೆ ಹರಿಸುವ ಚರಂಡಿ ಇರಲಿ, ಮೇಲಿನ ಇಳಿಜಾರಿಗೆ ಲಾವಂಚ ನೆಡಿ. ಬೇರು ಎರಡು ಮೂರು ಮೀಟರ್ ಆಳಕ್ಕೆ ಇಳಿಯುತ್ತದೆ. ಅಜ್ಜಂಪುರದ ಕಡೆ ಎರೆಮಣ್ಣು ಇರುವವರು ನನ್ನ ಲೆಕ್ಕ ಹಿಡಿಯಬೇಡಿ, ಆ ಮಣ್ಣು ನೀರು ಕುಡಿದು ಉಬ್ಬುತ್ತದೆ. ನಾಲ್ಕು ಅಡಿ ಮೀರಿದ ಧರೆಗೂ, ಮೇಲೆ ಮನೆಯೋ ರಸ್ತೆಯೋ ಇರುವ ಧರೆಗೂ ಇಂಜಿನಿಯರ್ ಕರೆಸಿ. ಜಾಗ ಇದ್ದರೆ ಒಂದೇ ಎತ್ತರದ ಗೋಡೆ ಬದಲು ಮೂರು ಮೂರು ಅಡಿಯ ಎರಡು ಮೆಟ್ಟಿಲು ಮಾಡಿ, ನಡುವೆ ಆರು ಅಡಿ ಬಿಡಿ.

ಕಲ್ಲು ಕೊಟ್ಟ ಯಾರ್ಡಿಗೆ ಐದರಲ್ಲಿ ಮೂರೂವರೆ. ಕಲ್ಲು ಒಳ್ಳೆಯದು, ಮುಖ ಚೆನ್ನಾಗಿ ಒಡೆದದ್ದು, ಎಣಿಕೆ ಸರಿಯಾಗಿತ್ತು. ಸೈಜು ಕಲ್ಲು ಎಣಿಸಿ ಕೊಡುತ್ತಾರೆ, ಹಾಗಾಗಿ ಮೋಸಕ್ಕೆ ಅವಕಾಶ ಕಮ್ಮಿ. ಜಲ್ಲಿಯಲ್ಲಿ ಅರ್ಧ ಅಂಕ ಕಳೆದೆ. ಲೋಡ್ ಅಂತ ಹೇಳಿದ್ದು ಟಿಪ್ಪರ್ ಬಾಕ್ಸಿನ ಅಂಚಿಗಿಂತ ಒಂದು ಗೇಣು ಕೆಳಗಿತ್ತು. ಟೇಪ್ ಹಿಡಿದು ಅಳೆದು ತೋರಿಸಿದ ಮೇಲೆ "ದಾರೀಲಿ ಕೂತಿರತ್ತೆ ಸಾರ್" ಅಂದರು, ಆಮೇಲೆ ಬಿಲ್ಲಲ್ಲಿ ಕಮ್ಮಿ ಮಾಡಿದರು. ಇನ್ನೊಂದು ಅಂಕ ಹೋಗಿದ್ದು ಹೇಳಿದ ದಿನಕ್ಕೆ ಗಾಡಿ ಕಳಿಸದೆ ಕೂಲಿಯವರನ್ನು ಸುಮ್ನೆ ಕೂರಿಸಿದ್ದಕ್ಕೆ. ದರ ಬರೆಯುವುದಿಲ್ಲ, ಕ್ವಾರಿಯ ದೂರದ ಮೇಲೆ ಬದಲಾಗುತ್ತದೆ, ಬಾಡಿಗೆಯೇ ದೊಡ್ಡ ಭಾಗ. ಮೇ ತಿಂಗಳು ಕಾಯಬೇಡಿ, ಮಳೆ ಮುಂಚೆ ಮುಗಿಸುವ ಗಡಿಬಿಡಿಯಲ್ಲಿ ಎಲ್ಲರಿಗೂ ಆಗಲೇ ಟಿಪ್ಪರ್ ಬೇಕು. ಜನವರಿ, ಫೆಬ್ರವರಿಯಲ್ಲಿ ಕೇಳಿದರೆ ಆರಿಸೋಕೂ ಬಿಡುತ್ತಾರೆ, ದರವೂ ಮಾತಾಡಬಹುದು.