ಹಳೆಯ ಡೆಸ್ಕ್‌ಟಾಪ್‌ಗೆ ಬರೀ ಕಾರ್ಡ್ ಸಾಕಾ, ಬೋರ್ಡೇ ಬದಲಿಸಬೇಕಾ?

ಹಳೆಯ ಯಂತ್ರದಲ್ಲಿ ಹೊಸ ಗೇಮ್ ಆಡಬೇಕೆಂದರೆ ನನ್ನ ಓಟು ಬೋರ್ಡ್ ಬದಲಿಸುವುದಕ್ಕೇ. ಮದರ್‌ಬೋರ್ಡ್, ಪ್ರೊಸೆಸರ್, ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಎಸ್‌ಎಂಪಿಎಸ್, ಕ್ಯಾಬಿನೆಟ್ ಮೊದಲು ತೆಗೆದುಕೊಂಡೆ, ಗ್ರಾಫಿಕ್ಸ್ ಕಾರ್ಡ್ ಆಮೇಲೆ. ಅದಕ್ಕೂ ಮುಂಚೆ ಇನ್ನೆರಡು ದಾರಿ ನೋಡಿದ್ದೆ. ಒಂದು, ಸ್ನೇಹಿತ ಕೊಟ್ಟ ಆರ್‌ಟಿಎಕ್ಸ್ 3050 6 ಜಿಬಿ ಕಾರ್ಡ್. ಇನ್ನೊಂದು, ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ತಂದ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಕಾರ್ಡ್.

ಹಳೆಯ ಯಂತ್ರ 2017ರದ್ದು. ಐ5-7400 ಪ್ರೊಸೆಸರ್, 16 ಜಿಬಿ ಡಿಡಿಆರ್4 ರ‍್ಯಾಮ್, 1050 ಟಿಐ ಕಾರ್ಡ್. ಅಂಗಡಿಯವರು ಜೋಡಿಸಿಕೊಟ್ಟದ್ದಲ್ಲ, ದೊಡ್ಡ ಕಂಪನಿಯೊಂದರ ಬ್ರ್ಯಾಂಡೆಡ್ ಪೆಟ್ಟಿಗೆ. ಇದು ನೆನಪಿರಲಿ, ಮುಂದಿನ ತಾಪತ್ರಯ ಪೂರ್ತಿ ಇಲ್ಲಿಂದಲೇ ಬಂತು.

3050 6 ಜಿಬಿ ಹಾಕುವುದು ತುಂಬಾ ಸುಲಭ. ಅದಕ್ಕೆ ಬೇಕಾದ್ದು 70 ವ್ಯಾಟ್. ಅಷ್ಟನ್ನೂ ಬೋರ್ಡ್‌ನಲ್ಲಿ ತಾನು ಕೂರುವ ಸ್ಲಾಟ್‌ನಿಂದಲೇ ತೆಗೆದುಕೊಳ್ಳುತ್ತದೆ, ಬೇರೆ ಕೇಬಲ್ ಬೇಡ. ಹಳೇದನ್ನು ಕಿತ್ತು ಇದನ್ನು ಕೂರಿಸಿದರೆ ಮುಗಿಯಿತು. ಸೈಬರ್‌ಪಂಕ್ 2077 ಆಟ ಹಾಕಿದೆ. ಆಟದೊಳಗಿನ ರೂಮು, ಖಾಲಿ ರಸ್ತೆಯಲ್ಲಿ ಚೆನ್ನಾಗಿಯೇ ಓಡಿತು. ಜನ ತುಂಬಿದ ಮಾರ್ಕೆಟ್‌ಗೆ ಕಾಲಿಟ್ಟ ಕೂಡಲೇ ತಡವರಿಸಲು ಶುರು. ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿದರೂ ಅಷ್ಟೇ. ಕಾರಣ ಕಾರ್ಡ್ ಅಲ್ಲ. ಬೀದಿಯಲ್ಲಿ ಓಡಾಡುವ ಜನ, ಗಾಡಿಗಳು, ಯಾರು ಎಲ್ಲಿ ತಿರುಗಬೇಕು ಅನ್ನುವ ಲೆಕ್ಕವೆಲ್ಲ ಪ್ರೊಸೆಸರ್ ಕೆಲಸ. 7400ಗೆ ಇರುವುದು ನಾಲ್ಕೇ ಕೋರ್, ನಾಲ್ಕೇ ಥ್ರೆಡ್, ಅಂದರೆ ಒಂದೇ ಸಲಕ್ಕೆ ನಾಲ್ಕು ಕೆಲಸ ಮಾತ್ರ. ಅದು 100 ಪರ್ಸೆಂಟ್ ಮುಟ್ಟಿದಾಗ ಕಾರ್ಡ್ ಸುಮ್ನೆ ಕಾಯುತ್ತಾ ಕೂರುತ್ತದೆ. ಜನಸಂದಣಿಯ ಸೆಟ್ಟಿಂಗ್ ಕಡಿಮೆ ಮಾಡಿದ ಮೇಲೆ ಸ್ವಲ್ಪ ಸುಧಾರಿಸಿತು, ಅದೇ ಸಾಕ್ಷಿ. 2023ರ 2.0 ಅಪ್‌ಡೇಟ್ ಬಂದಾಗಿನಿಂದ ಈ ಆಟಕ್ಕೆ ಕನಿಷ್ಠ ಐ7-6700 ಬೇಕು ಎಂದು ತಯಾರಕರೇ ಹೇಳಿದ್ದಾರೆ. ಅದಕ್ಕೆ ಎಂಟು ಥ್ರೆಡ್ ಇದೆ.

ಸರಾಸರಿ ಫ್ರೇಮ್ ಸಂಖ್ಯೆ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವುದನ್ನು ನೋಡಿ ಕಾರ್ಡ್ ಕೊಳ್ಳುವವರು ಇಲ್ಲೇ ಮೋಸ ಹೋಗುತ್ತಾರೆ. ಸರಾಸರಿ 50 ತೋರಿಸುತ್ತಿದ್ದರೂ ನಡುವೆ ಒಂದು ಕ್ಷಣ 15ಕ್ಕೆ ಬಿದ್ದರೆ ಕಣ್ಣಿಗೆ ಕಾಣುವುದು ಆ 15 ಮಾತ್ರ.

ಇನ್ನು ಆರ್‌ಎಕ್ಸ್ 580. ಬೆಲೆ ಕಡಿಮೆ, 8 ಜಿಬಿ ಮೆಮೊರಿ, ಆಸೆ ಹುಟ್ಟಿಸುವಂಥದ್ದೇ. ಆದರೆ ಅದಕ್ಕೆ 8 ಪಿನ್ ಕೇಬಲ್ ಬೇಕು. ನನ್ನ ಪೆಟ್ಟಿಗೆಯ ಎಸ್‌ಎಂಪಿಎಸ್ 240 ವ್ಯಾಟ್‌ನದು, ಅದರಲ್ಲಿ ಆ ಕೇಬಲ್ಲೇ ಇಲ್ಲ.

ಅಂಗಡಿಯವರು ತಕ್ಷಣ ಒಂದು ಕನ್ವರ್ಟರ್ ಕೈಗಿಟ್ಟರು. ಒಂದು ತುದಿ ಹಾರ್ಡ್‌ಡಿಸ್ಕ್‌ಗೆ ಹಾಕುವ ಸಾಟಾ ಪವರ್, ಇನ್ನೊಂದು ತುದಿ 8 ಪಿನ್. "ಸಾರ್, ಎಲ್ಲರೂ ಇದನ್ನೇ ಹಾಕ್ತಾರೆ, ಏನೂ ಆಗಲ್ಲ" ಅಂದರು. ದಯವಿಟ್ಟು ಇದನ್ನು ಹಾಕಬೇಡಿ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ಹೊರಬಲ್ಲದ್ದು ಒಟ್ಟು 4.5 ಆಂಪ್, ಅಂದರೆ 54 ವ್ಯಾಟ್. 580 ಒಟ್ಟು 185 ವ್ಯಾಟ್‌ನ ಕಾರ್ಡ್. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಉಳಿದ 100ಕ್ಕೂ ಜಾಸ್ತಿ ವ್ಯಾಟ್ ಆ ಸಣ್ಣ ಪಿನ್‌ಗಳ ಮೂಲಕವೇ ಹೋಗಬೇಕು. ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಎರಡು ಸಾಟಾ ಸೇರಿಸುವ ಕನ್ವರ್ಟರ್ ಕೂಡ ಸಿಗುತ್ತದೆ, ಆದರೆ ಎರಡೂ ತುದಿ ಒಂದೇ ತಂತಿಯಿಂದ ಕವಲೊಡೆದಿದ್ದರೆ ಆ ತಂತಿಯ ಮೇಲಿನ ಭಾರ ಇಳಿಯುವುದಿಲ್ಲ.

ಸರಿ, ಎಸ್‌ಎಂಪಿಎಸ್ಸೇ ಬದಲಿಸೋಣ ಅಂದುಕೊಂಡು ಪೆಟ್ಟಿಗೆ ಬಿಚ್ಚಿದೆ. ಮಾಮೂಲಿ ಎಸ್‌ಎಂಪಿಎಸ್‌ನಿಂದ ಬೋರ್ಡ್‌ಗೆ ಹೋಗುವುದು 24 ಪಿನ್ ಕೇಬಲ್. ನನ್ನ ಬೋರ್ಡ್‌ನಲ್ಲಿ ಇದ್ದದ್ದು ಆ ಕಂಪನಿಯದೇ ಆದ ಪುಟ್ಟ ಸಾಕೆಟ್. ಅದಕ್ಕೂ ಒಂದು ಕನ್ವರ್ಟರ್ ಬೇಕು. ಎಸ್‌ಎಂಪಿಎಸ್ ಕೂರುವ ಜಾಗದ ಅಳತೆಯೂ ಬೇರೆ, ಸ್ಕ್ರೂ ತೂತುಗಳೂ ಬೇರೆ. ಬೋರ್ಡ್ ಮಾತ್ರ ಬದಲಿಸಿ ಅದೇ ಕ್ಯಾಬಿನೆಟ್ ಇಟ್ಟುಕೊಳ್ಳೋಣವೆಂದರೆ ಪವರ್ ಬಟನ್‌ನ ತಂತಿ ಕೂಡ ಹೊಸ ಬೋರ್ಡ್‌ಗೆ ಹೊಂದುವುದಿಲ್ಲ. ಒಂದನ್ನು ಮುಟ್ಟಿದರೆ ಎಲ್ಲವನ್ನೂ ಮುಟ್ಟಬೇಕು. ಬ್ರ್ಯಾಂಡೆಡ್ ಯಂತ್ರ ಇರುವವರು ಕಾರ್ಡ್‌ನ ಬೆಲೆ ವಿಚಾರಿಸುವ ಮುಂಚೆ ಪಕ್ಕದ ತಗಡು ತೆಗೆದು ಬೋರ್ಡ್‌ಗೆ ಹೋಗುವ ಕೇಬಲ್‌ನ ಪಿನ್ ಎಣಿಸಿ. 24 ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಂತೆ.

ಈ 580ಯನ್ನು ಆಮೇಲೆ ಹೊಸ ಬೋರ್ಡ್‌ನಲ್ಲಿ ಹಾಕಿ ನೋಡಿದೆ. ಬಿಸಿ ಜಾಸ್ತಿ, ಫ್ಯಾನ್ ಸದ್ದು ಜಾಸ್ತಿ. ಹಳೆಯ ಆಟಗಳಿಗೆ ಈಗಲೂ ಗಟ್ಟಿ. ಆದರೆ ಬೆಳಕು-ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟ, 2025ರ ಡೂಮ್: ದಿ ಡಾರ್ಕ್ ಏಜಸ್ ಎರಡಕ್ಕೂ ಅದು ಕಡ್ಡಾಯ. ಹೊಸ ಆಟಕ್ಕೆಂದೇ ದುಡ್ಡು ಹಾಕುವವರಿಗೆ 580 ಬೇಡ.

ಕೊನೆಗೆ ನಾನು ಕಟ್ಟಿಸಿದ್ದು ರೈಜೆನ್ 5 5600, ಬಿ450 ಬೋರ್ಡ್, 550 ವ್ಯಾಟ್‌ನ ಎಸ್‌ಎಂಪಿಎಸ್, ಗಾಳಿಯಾಡುವ ಸಾದಾ ಕ್ಯಾಬಿನೆಟ್. ಆರು ಕೋರ್, ಹನ್ನೆರಡು ಥ್ರೆಡ್. ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ ಹಳೆಯ ಡಿಡಿಆರ್4 ರ‍್ಯಾಮ್ ಇದರಲ್ಲಿ ಹಾಗೇ ಕೂರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ರೀತಿ ನೋಡಿದರೆ ಇದು ಸಣ್ಣ ಉಳಿತಾಯವಲ್ಲ. ನನ್ನದು 2400ರ ವೇಗದ ರ‍್ಯಾಮ್, 3200 ಇದ್ದರೆ ಇನ್ನೂ ಚೆನ್ನ. ಎಸ್‌ಎಸ್‌ಡಿ, ಮಾನಿಟರ್, ಕೀಬೋರ್ಡ್ ಎಲ್ಲವೂ ಹಳೆಯವೇ.

ಬಿ450 ಕೊಳ್ಳುವಾಗ ರೈಜೆನ್ 5000 ಸರಣಿಗೆ ಬಯಾಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿದೆಯಾ ಎಂದು ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಬ್ರ್ಯಾಂಡೆಡ್ ಯಂತ್ರದ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಹಳೆಯ ಬೋರ್ಡ್‌ಗೇ ಅಂಟಿರುತ್ತದೆ, ಹೊಸದಕ್ಕೆ ಬರುವುದಿಲ್ಲ. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹೇಗೂ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದೆ, 7400 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ.

ಕಾರ್ಡ್ ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟ್. ಆ ಎರಡು ಹೊಸ ಆಟಗಳು ಕೇಳುವ ಕನಿಷ್ಠ ಎಎಂಡಿ ಕಾರ್ಡ್ ಇದೇ. ಮನೆಯ 600 ವಿಎ ಯುಪಿಎಸ್ ಕೂಡ ಕಿರುಚುವುದಿಲ್ಲ. ಅದೇ ಸೈಬರ್‌ಪಂಕ್ ಮಾರ್ಕೆಟ್‌ನಲ್ಲಿ ಈಗ ನೆಮ್ಮದಿಯಾಗಿ ಓಡಾಡಬಹುದು.

ನನ್ನ ಮಾನಿಟರ್ 1080ಪಿ, 60 ಹರ್ಟ್ಸ್. ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಕಥೆಯಿರುವ ಆಟ ಆಡುವವನು ನಾನು. ಅಷ್ಟಕ್ಕೆ ಇದು ಧಾರಾಳ. ಬರೀ ಜಿಟಿಎ 5, ಫಿಫಾ ತರಹದ ಆಟ ಆಡುವವರಿಗೆ 3050 6 ಜಿಬಿ ಸಾಕು, ಬೋರ್ಡ್ ತಂಟೆಗೇ ಹೋಗಬೇಡಿ.

ಒಟ್ಟಿಗೆ ದುಡ್ಡು ಹೊಂದಿಸಲು ಕಷ್ಟವಾದರೆ ಬೋರ್ಡ್ ಮೊದಲು, ಕಾರ್ಡ್ ಆಮೇಲೆ. ಮಧ್ಯದ ತಿಂಗಳುಗಳಲ್ಲಿ ನಾನು 1050 ಟಿಐಯಲ್ಲೇ ನಡೆಸಿದೆ, ತಡವರಿಕೆ ಆಗಲೇ ಎಷ್ಟೋ ಕಡಿಮೆಯಾಗಿತ್ತು. 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದಿದ್ದರೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಹಾಗಾಗಿ ಹೊಸ ಕಾರ್ಡ್ ಕೈಗೆ ಬರುವ ತನಕ ಹಳೇದನ್ನು ಮಾರಬೇಡಿ.